ಸ್ಕ್ಯಾವೆಂಜರ್: ಒಂದು ಪದದ ಜಾತಿ

ದಲಿತ ವಿಮರ್ಶೆ ಎಂದರೆ ದಲಿತ ಲೇಖಕರ ಕೃತಿಗಳ ವಿಮರ್ಶೆ ಎಂದು ತಿಳಿಯುವ ರೂಢಿ ನಮ್ಮಲ್ಲಿದೆ. ಇನ್ನೂ ಸ್ವಲ್ಪ ಮುಂದೆ ಹೋದವರು ದಲಿತೇತರರ ಕೃತಿಗಳಲ್ಲಿ ದಲಿತರು ಹೇಗೆ ಬಂದಿದ್ದಾರೆ ಎಂದು ನೋಡುತ್ತಾರೆ. ಎರಡೂ ಆಗಬೇಕಾದ ಕೆಲಸಗಳೇ. ಆದರೆ ಕಥೆ ಕವಿತೆಗಳ ಕಡೆ ಎಂದೂ ತಲೆಹಾಕದ ನಮ್ಮ ಬಹುಪಾಲು ಜನರ ಬದುಕನ್ನು ದಿನವೂ ನಿರ್ಧರಿಸುವ ಬರವಣಿಗೆಯೊಂದು ಬೇರೆಯೇ ಇದೆ. ಅದು ಹಾಜರಿ ಪುಸ್ತಕದಲ್ಲಿರುತ್ತದೆ, ಜಾತಿ ಸರ್ಟಿಫಿಕೇಟಿನಲ್ಲಿರುತ್ತದೆ, ಪುರಸಭೆಯ ನಡಾವಳಿಯಲ್ಲಿ, ಕಾಯ್ದೆಯ ವ್ಯಾಖ್ಯಾನದ ಕಲಮಿನಲ್ಲಿ ಇರುತ್ತದೆ. ಇದನ್ನು ನಮ್ಮ ವಿಮರ್ಶೆ ಒಂದು ಪಠ್ಯವೆಂದು ಎಣಿಸಿಯೇ ಇಲ್ಲ. ಕವಿತೆಯೊಂದರ ಪ್ರತಿಮೆಯನ್ನು ಹಿಂಜಿ ಹಿಂಜಿ ನೋಡುವ ನಾವು ಈ ಕಲಮುಗಳನ್ನೂ ಅಷ್ಟೇ ಎಚ್ಚರದಿಂದ ಓದಬೇಕು ಎಂಬುದು ನನ್ನ ವಾದ.

ಅಂಥ ಬರವಣಿಗೆಯಿಂದ ಒಂದೇ ಒಂದು ಇಂಗ್ಲಿಷ್ ಪದವನ್ನು ಎತ್ತಿಕೊಂಡು ಇಲ್ಲಿ ಓದಲು ಯತ್ನಿಸುತ್ತೇನೆ. ಪದ: ಸ್ಕ್ಯಾವೆಂಜರ್. ದಲಿತ ವಿಮರ್ಶೆಗೆ ಇಂಗ್ಲಿಷ್ ಪದವೇಕೆ ಎಂದು ಕೇಳಬಹುದು. ಈ ದೇಶದ ಪಾರ್ಲಿಮೆಂಟು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾಯ್ದೆ ಮಾಡಿದಾಗ ನಮ್ಮ ಜನರಲ್ಲಿ ಕೆಲವರನ್ನು ಕರೆದದ್ದು ಈ ಹೆಸರಿನಿಂದಲೇ: ‘ಮ್ಯಾನ್ಯುಯಲ್ ಸ್ಕ್ಯಾವೆಂಜರ್’. ಯಾರು ಈ ಪದದೊಳಗೆ ಬರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದರ ಮೇಲೆ ನಗದು ನೆರವು, ಸಾಲ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ನಿಂತಿದೆ. ಹಾಗಾಗಿ ಇದು ಬರೀ ನಿಘಂಟಿನ ವಿಚಾರವಾಗಿ ಉಳಿದಿಲ್ಲ.

ಮೊದಲು ನಿಘಂಟನ್ನೇ ನೋಡೋಣ. ಇಂಗ್ಲಿಷಿನಲ್ಲಿ ಈ ಪದಕ್ಕೆ ಹಲವು ಅರ್ಥಗಳಿವೆ. ಬೀದಿಯ ಕಸ ತೆಗೆಯುವವನು ಒಂದು. ಬೇರೆಯವರು ಬಿಸಾಡಿದ್ದರಲ್ಲಿ ಬೇಕಾದ್ದನ್ನು ಹೆಕ್ಕುವವನು ಇನ್ನೊಂದು. ಸತ್ತ ಪ್ರಾಣಿಯನ್ನು ತಿಂದು ಬದುಕುವ ರಣಹದ್ದು, ನರಿ, ಕತ್ತೆಕಿರುಬ ಮೂರನೆಯದು. ರಸಾಯನಶಾಸ್ತ್ರದಲ್ಲಿ, ಬೇಡದ ಅಂಶವನ್ನು ಹಿಡಿದು ಹೊರತೆಗೆಯುವ ವಸ್ತುವಿಗೂ ಇದೇ ಹೆಸರು. ಎಂಜಿನ್ನಿನ ಸಿಲಿಂಡರಿನಿಂದ ಸುಟ್ಟ ಹೊಗೆಯನ್ನು ಹೊರದೂಡುವ ಕ್ರಿಯೆಗೆ ‘ಸ್ಕ್ಯಾವೆಂಜಿಂಗ್’ ಎನ್ನುತ್ತಾರೆ. 1930ರ ದಶಕದ ಅಮೆರಿಕದ ಸಿರಿವಂತರು ಪಾರ್ಟಿಗಳಲ್ಲಿ ಒಂದು ಆಟ ಆಡುತ್ತಿದ್ದರು. ಚಿಲ್ಲರೆ ಸಾಮಾನುಗಳ ಪಟ್ಟಿ ಕೊಟ್ಟು ಯಾರು ಮೊದಲು ಹುಡುಕಿ ತರುತ್ತಾರೋ ನೋಡುವ ಆಟ. ಅದರ ಹೆಸರು ‘ಸ್ಕ್ಯಾವೆಂಜರ್ ಹಂಟ್’.

ನಾನು ಪದವಿ ತರಗತಿಗೆ ಇಂಗ್ಲಿಷ್ ಪಾಠ ಹೇಳುವವನು. ಒಮ್ಮೆ ಪಾಠದ ನಡುವೆ ಈ ಪದ ಬಂತು. ಅರ್ಥ ಕೇಳಿದೆ. ಮುಂದಿನ ಬೆಂಚಿನ ಹುಡುಗಿ ತಟ್ಟನೆ ‘ವಲ್ಚರ್ ಸರ್’ ಅಂದಳು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು, ‘ನಮ್ಮಜ್ಜಿ ಸರ್ವಿಸ್ ಬುಕ್ಕಲ್ಲಿ ಬರ್ದವ್ರೆ ಸಾರ್’ ಅಂದ. ಎರಡೂ ಸರಿಯುತ್ತರವೇ. ರಣಹದ್ದಿಗೂ ಒಬ್ಬ ಅಜ್ಜಿಗೂ ಒಂದೇ ಹೆಸರು ಇಡಬಲ್ಲ ಭಾಷೆಯ ಬಗ್ಗೆ ಆ ದಿನ ನಾನು ತರಗತಿಯಲ್ಲಿ ಹೆಚ್ಚೇನೂ ಹೇಳಲಿಲ್ಲ. ಕನ್ನಡವೂ ಹಿಂದೆ ಬಿದ್ದಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಪತ್ರಿಕೆಗಳು ರಣಹದ್ದನ್ನು ‘ಪ್ರಕೃತಿಯ ಜಾಡಮಾಲಿ’ ಎಂದು ಪ್ರೀತಿಯಿಂದಲೇ ಕರೆಯುತ್ತವೆ. ಹದ್ದಿಗೆ ಅದು ಹೊಗಳಿಕೆ. ಆದರೆ ಆ ಹೋಲಿಕೆಯಲ್ಲಿ ಜಾಡಮಾಲಿಯ ಕೆಲಸವೂ ಹದ್ದಿನ ಹಸಿವಿನಂತೆ ಹುಟ್ಟಿನಿಂದಲೇ ಬಂದದ್ದು ಎಂಬ ಅರ್ಥ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಈಗ ಪದದ ಮೂಲಕ್ಕೆ ಬರೋಣ. ಇಲ್ಲಿ ಅಚ್ಚರಿಯ ಸಂಗತಿಯಿದೆ. ಈ ಪದದ ಬೇರಿನಲ್ಲಿ ಕಸವೂ ಇಲ್ಲ, ಮಲವೂ ಇಲ್ಲ. ಬೇರಿನ ಅರ್ಥ ‘ನೋಡು’. ಇಂಗ್ಲಿಷಿನ ‘ಷೋ’, ಜರ್ಮನ್ನಿನ ‘ಷೌಯೆನ್’ ಇದರ ಒಡಹುಟ್ಟುಗಳು. ಜರ್ಮಾನಿಕ್ ಬೇರಿನ ಈ ಪದ ಉತ್ತರ ಫ್ರೆಂಚಿಗೆ ಹೋಗಿ ‘ತಪಾಸಣೆ’ ಎಂಬ ಅರ್ಥ ಪಡೆಯಿತು. ಅಲ್ಲಿಂದ ಇಂಗ್ಲೆಂಡಿನ ಫ್ರೆಂಚ್ ಮಾತಾಡುವ ಆಳುವ ವರ್ಗದ ಬಾಯಲ್ಲಿ ‘ಸ್ಕ್ಯಾವೇಜ್’ ಆಯಿತು. ಮಧ್ಯಯುಗದ ಲಂಡನ್ನಿನಲ್ಲಿ ಹೊರಗಿನ ವರ್ತಕರು ತಂದ ಸರಕನ್ನು ಮಾರಾಟಕ್ಕೆ ತೆರೆದು ತೋರಿಸಬೇಕಾದರೆ ನಗರಕ್ಕೆ ಸುಂಕ ಕಟ್ಟಬೇಕಿತ್ತು. ಆ ಸುಂಕವೇ ಸ್ಕ್ಯಾವೇಜ್. ಅದನ್ನು ನೋಡಿಕೊಳ್ಳುವ ಅಧಿಕಾರಿ ‘ಸ್ಕ್ಯಾವೇಜರ್’. ನಮ್ಮ ಮಾತಲ್ಲಿ ಹೇಳಬೇಕೆಂದರೆ ಸುಂಕದ ಕಟ್ಟೆಯ ಅಮಲ್ದಾರ.

ಲಂಡನ್ ನಗರದ ಪದ್ಧತಿಗಳನ್ನು ಜಾನ್ ಕಾರ್ಪೆಂಟರ್ ಎಂಬ ನಗರದ ಗುಮಾಸ್ತ 1419ರಲ್ಲಿ ಒಟ್ಟು ಮಾಡಿದ ‘ಲಿಬರ್ ಆಲ್ಬಸ್’ ಎಂಬ ಗ್ರಂಥದಲ್ಲಿ ಈ ಅಧಿಕಾರಿಗಳು ತೆಗೆದುಕೊಳ್ಳಬೇಕಾದ ಪ್ರಮಾಣವಚನ ದಾಖಲಾಗಿದೆ. ಅಷ್ಟರಲ್ಲಿ ಅವರ ಕೆಲಸ ಹಿಗ್ಗಿತ್ತು. ತಮ್ಮ ವಾರ್ಡಿನ ಕಲ್ಲುಹಾಸು ಸರಿಯಿದೆಯೇ, ಒಲೆ ಮತ್ತು ಹೊಗೆಗೂಡುಗಳು ಬೆಂಕಿಗೆ ಹೆದರದ ಹಾಗೆ ಕಲ್ಲಿನಲ್ಲಿ ಕಟ್ಟಿವೆಯೇ, ಬೀದಿಗಳು ಹೊಲಸಿಲ್ಲದೆ ಇವೆಯೇ ಎಂದು ನೋಡುವುದು ಅವರ ಹೊಣೆ. ಇಲ್ಲೂ ಕ್ರಿಯಾಪದ ‘ನೋಡು’ ಎಂಬುದೇ. ನಿಜವಾಗಿ ಸನಿಕೆ, ಕುಂಟೆ ಹಿಡಿದು ಬಾಚಿ ಬಂಡಿಗೆ ತುಂಬುವವರಿಗೆ ಬೇರೆ ಹೆಸರಿತ್ತು: ‘ರೇಕರ್’. ಕಕ್ಕಸು ಗುಂಡಿ ಬರಿದು ಮಾಡುವವರು ಮತ್ತೂ ಬೇರೆ: ‘ಗಾಂಗ್ ಫಾರ್ಮರ್’, ಆಮೇಲೆ ‘ನೈಟ್‌ಮನ್’. ಅಂದರೆ ನೋಡುವವನು, ಬಾಚುವವನು, ಹೊರುವವನು ಮೂವರಿಗೂ ಮೂರು ಪದಗಳು. ಸ್ಕ್ಯಾವೇಜರ್ ಇವರೆಲ್ಲರ ಮೇಲಿನವನು, ನಗರದ ಪೌರ.

ಹದಿನಾರನೆಯ ಶತಮಾನದ ಹೊತ್ತಿಗೆ ಪದದ ನಡುವೆ ಒಂದು ‘ನ’ಕಾರ ನುಸುಳಿ ‘ಸ್ಕ್ಯಾವೆಂಜರ್’ ಆಯಿತು. ‘ಮೆಸೆಂಜರ್’, ‘ಪ್ಯಾಸೆಂಜರ್’ ಪದಗಳಲ್ಲೂ ಹೀಗೇ ಆಗಿದೆ. ಕ್ರಿಯಾಪದ ಹುಟ್ಟಿದ್ದು ಆಮೇಲೆ, ಹದಿನೇಳನೆಯ ಶತಮಾನದಲ್ಲಿ, ನಾಮಪದದಿಂದ. ನಮಗೆ ಮುಖ್ಯವಾದ ಬದಲಾವಣೆ ಇನ್ನೊಂದು. ಕ್ರಮೇಣ ಸಾಹೇಬನ ಹೆಸರು ಕೂಲಿಯವನ ಮೈಮೇಲೆ ಬಂತು. ಹೆನ್ರಿ ಮೇಹ್ಯೂ 1851ರಲ್ಲಿ ಲಂಡನ್ನಿನ ಬಡವರ ಬಗ್ಗೆ ಬರೆದಾಗ ಸ್ಕ್ಯಾವೆಂಜರ್ ಎಂದರೆ ಕಂಟ್ರಾಕ್ಟರನ ಕೈಕೆಳಗೆ ಬೀದಿಯ ಕೆಸರು ಬಾಚುವ ದಿನಗೂಲಿ. ಹತ್ತಿಗಿರಣಿಗಳಲ್ಲಿ ಇದೇ ಹೆಸರು ಮಕ್ಕಳಿಗೆ ಬಂತು. ನೂಲುವ ಯಂತ್ರ ಓಡುತ್ತಿರುವಾಗಲೇ ಅದರಡಿ ತೆವಳಿ ಉದುರಿದ ಹತ್ತಿ ಆಯುವ ಮಕ್ಕಳು ‘ಸ್ಕ್ಯಾವೆಂಜರ್’ಗಳು. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ರೇಷ್ಮೆ ಗಿರಣಿ ಬಿಟ್ಟು ಉಳಿದ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು.

ಪದ ಹೀಗೆ ಕೆಳಗಿಳಿಯಿತು ನಿಜ. ಇಂಗ್ಲೆಂಡಿನ ಬಡವ ಈ ಕೆಲಸದಲ್ಲಿ ಅವಮಾನ ಉಂಡಿಲ್ಲ ಅಂತ ನಾನು ಹೇಳುತ್ತಿಲ್ಲ. ಉಂಡಿದ್ದಾನೆ. ಆದರೆ ಅವನ ಮಗನೂ ಮೊಮ್ಮಗನೂ ಅದನ್ನೇ ಮಾಡಬೇಕು ಎಂಬ ಶಾಸ್ತ್ರ ಅಲ್ಲಿರಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನವರ ಮೂಗಿಗೇ ಹೊಡೆದ ಮೇಲೆ ಬ್ಯಾಜಲ್ಜೆಟ್ ಎಂಬ ಎಂಜಿನಿಯರು ಲಂಡನ್ನಿಗೆ ದೊಡ್ಡ ಒಳಚರಂಡಿಗಳನ್ನು ಕಟ್ಟಿದ. ಗುಂಡಿ ಬರಿದು ಮಾಡುವ ಕಸುಬು ಹಾಗೆ ಕರಗಿತು. ಕಸುಬು ಹೋದಾಗ ನೈಟ್‌ಮನ್ ಎಂಬ ಜನವೂ ಉಳಿಯಲಿಲ್ಲ. ಅವರು ಬೇರೆ ಕೂಲಿ ಹಿಡಿದರು, ಊರಿನೊಳಗೆ ಬೆರೆತರು.

ಇದೇ ಪದ ಕಂಪನಿ ಸರ್ಕಾರ, ರಾಣಿ ಸರ್ಕಾರದ ಜೊತೆ ಇಲ್ಲಿಗೆ ಬಂದಾಗ ಅದಕ್ಕೆ ಹೊಸ ಜನ್ಮವಾಯಿತು. ಇಲ್ಲಿ ಪುರಸಭೆ ಎಂಬ ಹೊಸ ಸಂಸ್ಥೆ ಬಂತು. ಅದರ ‘ಕನ್ಸರ್ವೆನ್ಸಿ’ ಇಲಾಖೆ ಬಂತು. ಮಲಕ್ಕೆ ‘ನೈಟ್ ಸಾಯಿಲ್’ ಎಂಬ ನಾಜೂಕಿನ ಹೆಸರು ಬಂತು. ಆಧುನಿಕವಾದ ಈ ಎಲ್ಲ ಏರ್ಪಾಡಿಗೆ ಆಳುಗಳನ್ನು ಹುಡುಕಿದ್ದು ಮಾತ್ರ ಹಳೆಯ ಕೇರಿಯಲ್ಲಿ. ಲಂಡನ್ನಿನಲ್ಲಿ ಮೂರು ಪದಗಳಿಗೆ ಹಂಚಿಹೋಗಿದ್ದ ಕೆಲಸಗಳು ಇಲ್ಲಿ ಒಂದೇ ಪದದೊಳಗೆ ಬಂದು ಬಿದ್ದವು. ಆ ಪದ ಒಂದು ಜಾತಿಯ ಮೇಲೆ ಬಿತ್ತು. ಪಂಜಾಬ್, ಸಂಯುಕ್ತ ಪ್ರಾಂತ್ಯಗಳಂಥ ಕಡೆ ಪುರಸಭೆಯ ಕಾಯ್ದೆಗಳು ನೋಟಿಸ್ ಕೊಡದೆ ಕೆಲಸ ಬಿಟ್ಟ ಝಾಡುವಾಲರಿಗೆ ಶಿಕ್ಷೆಯನ್ನೂ ಇಟ್ಟಿದ್ದವು. ಜಾತಿ ಹೇಳುತ್ತಿದ್ದ ‘ಬಿಡಕೂಡದು’ ಎಂಬ ಮಾತನ್ನು ಈಗ ಕಾನೂನೂ ಹೇಳಿತು. ವಸಾಹತುಶಾಹಿ ಮತ್ತು ಪುರೋಹಿತಶಾಹಿ ಪರಸ್ಪರ ವಿರೋಧಿಗಳೆಂದು ನಂಬುವವರು ಈ ಕಾಯ್ದೆಗಳನ್ನು ಓದಬೇಕು.

ಕನ್ನಡದಲ್ಲೂ ಇದಕ್ಕೆ ಹತ್ತಿರದ ಒಂದು ಪದದ ಚರಿತ್ರೆ ಇದೆ: ತೋಟಿ. ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು 1812ರಲ್ಲಿ ಕೊಟ್ಟ, ‘ಐದನೆಯ ವರದಿ’ ಎಂದೇ ಹೆಸರಾದ ದಾಖಲೆಯಲ್ಲಿ ದಕ್ಷಿಣದ ಗ್ರಾಮ ಸೇವಕರ ಪಟ್ಟಿಯಿದೆ. ಅದರಲ್ಲಿ ತಳವಾರನ ಜೊತೆ ತೋಟಿ ಬರುತ್ತಾನೆ. ಬೆಳೆ ಕಾಯುವುದು, ಫಸಲಿನ ಅಳತೆಗೆ ನೆರವಾಗುವುದು ಅವನ ಕೆಲಸ. ಅವನೂ ಲಂಡನ್ನಿನ ಸ್ಕ್ಯಾವೇಜರನ ಹಾಗೆ ‘ನೋಡುವವನು’. ನಮ್ಮ ತಾತ ಕೋಲಾರ ಸೀಮೆಯ ಒಂದು ಹಳ್ಳಿಯ ತೋಟಿ. ಯಾವ ಹೊಲದ ಗಡಿಕಲ್ಲು ಎಲ್ಲಿದೆ ಅನ್ನೋದು ಶಾನುಭೋಗರ ಲೆಕ್ಕಕ್ಕಿಂತ ತಾತನ ಕಾಲಿಗೆ ಚೆನ್ನಾಗಿ ಗೊತ್ತಿತ್ತು ಅಂತಾರೆ. ಹಾಗಂತ ಅವನ ಬದುಕು ಬಂಗಾರವಾಗಿತ್ತು ಅಂತಲ್ಲ. ಸತ್ತ ದನ ಎಳೆಯುವುದೂ ತಮಟೆ ಬಡಿದು ಸಾರುವುದೂ ಅವನ ಪಾಲಿಗೇ ಇದ್ದವು. ಆದರೂ ತೋಟಿ ಇನಾಮ್ತಿ ಅಂತ ಒಂದು ತುಂಡು ನೆಲವಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಈ ಹುದ್ದೆಗಳನ್ನೆಲ್ಲ ತೆಗೆಯಿತು. ತಾತನ ತಮ್ಮ ಹೊಟ್ಟೆಪಾಡಿಗೆ ಟೌನಿಗೆ ಹೋದ. ಅಲ್ಲಿ ಸಿಕ್ಕ ಕೆಲಸದ ಹೆಸರೂ ತೋಟಿ. ಕೈಗೆ ಕೊಟ್ಟದ್ದು ಬಕೀಟು, ಬರಲು. ನಮ್ಮಜ್ಜಿ ಹೇಳೋಳು: ‘ಊರಾಗೆ ತೋಟಿ ಅಂದ್ರೆ ಹೊಲ ಕಾಯೋನು, ಟೌನಾಗೆ ತೋಟಿ ಅಂದ್ರೆ ಕಕ್ಕಸ್ ಬಾಚೋನು. ಕರೆಯೋ ಬಾಯಿ ಮಾತ್ರ ಅದೇಯ.’

ಅಜ್ಜಿಯ ಈ ಮಾತಿನಲ್ಲಿ ನನಗೆ ಬೇಕಾದ ವಿಮರ್ಶೆಯ ಸೂತ್ರವಿದೆ. ಇಂಗ್ಲೆಂಡಿನಲ್ಲಿ ಪದ ಮೇಲಿನವರಿಂದ ಕೆಳಗಿನವರಿಗೆ ಜಾರಿತು. ಆಮೇಲೆ ಕೆಳಗಿನವರು ಆ ಪದದಿಂದ ಎದ್ದು ಹೋದರು. ಇಲ್ಲಿ ಪದಗಳು ಬರುತ್ತವೆ, ಹೋಗುತ್ತವೆ, ಒಂದಕ್ಕಿಂತ ಒಂದು ಚೆಂದವಾಗುತ್ತವೆ; ಕೆಳಗಿರುವ ಜನ ಮಾತ್ರ ಅವರೇ. ಉತ್ತರದ ಹೆಸರುಗಳನ್ನೇ ನೋಡಿ. ‘ಮೆಹತರ್’ ಎಂದರೆ ಪರ್ಷಿಯನ್ನಿನಲ್ಲಿ ಹಿರಿಯ, ಒಡೆಯ. ‘ಹಲಾಲ್‌ಖೋರ್’ ಎಂದರೆ ನ್ಯಾಯವಾಗಿ ದುಡಿದು ತಿನ್ನುವವನು. ಈ ಹೆಸರನ್ನು ಬಳಕೆಗೆ ತಂದವನು ಅಕ್ಬರನೆಂದು ಅಬುಲ್ ಫಜಲ್ ಬರೆದಿದ್ದಾನೆ. ಮುಂಬಯಿಯ ಪುರಸಭೆ ವಸೂಲಿ ಮಾಡುತ್ತಿದ್ದ ಕಕ್ಕಸಿನ ತೆರಿಗೆಗೂ ‘ಹಲಾಲ್‌ಖೋರ್ ತೆರಿಗೆ’ ಎಂದೇ ಹೆಸರಿತ್ತು. ‘ಜಮಾದಾರ್’ ಎಂಬುದು ಸೈನ್ಯದ ಒಂದು ಅಧಿಕಾರ. ಒಡೆಯ, ಸತ್ಯವಂತ, ಸೇನಾಧಿಕಾರಿ: ಇಷ್ಟು ದೊಡ್ಡ ಬಿರುದುಗಳನ್ನು ಹೊತ್ತ ಜನರ ತಲೆಯ ಮೇಲಿನ ಬುಟ್ಟಿ ಇಳಿಯಲಿಲ್ಲ.

ಗಾಂಧೀಜಿ 1936ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿಯ ಬಗ್ಗೆ ಬರೆದರು. ಆ ಕೆಲಸದ ಘನತೆಯನ್ನು ಎತ್ತಿ ಹಿಡಿಯುವ ಉದ್ದೇಶ ಅದರಲ್ಲಿತ್ತು. ಬಾಬಾಸಾಹೇಬರು 1945ರಲ್ಲಿ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕದಲ್ಲಿ, ಈ ಬಗೆಯ ಹೊಗಳಿಕೆಗೆ ಉತ್ತರ ಕೊಟ್ಟರು. ಅವರ ವಾದದ ತಿರುಳು ಇಷ್ಟು: ಈ ದೇಶದಲ್ಲಿ ಮನುಷ್ಯ ಸ್ಕ್ಯಾವೆಂಜರ್ ಆಗುವುದು ಕೆಲಸದಿಂದಲ್ಲ, ಹುಟ್ಟಿನಿಂದ; ಆ ಕೆಲಸ ಮಾಡಲಿ ಬಿಡಲಿ ಹೆಸರು ತಪ್ಪುವುದಿಲ್ಲ. ಹುಟ್ಟಿನಿಂದ ಹೇರಿದ ಕೆಲಸವನ್ನು ಪವಿತ್ರವೆಂದು ಹಾಡುವುದು ಅದನ್ನು ಇನ್ನಷ್ಟು ಗಟ್ಟಿಮಾಡುವ ದಾರಿ ಎಂದು ಅವರು ಕಂಡರು. ಇಲ್ಲಿ ಅಂಬೇಡ್ಕರ್ ಮಾಡಿದ್ದು ಶಬ್ದಾರ್ಥದ ವಿಮರ್ಶೆಯೇ. ಇಂಗ್ಲಿಷ್ ನಿಘಂಟು ಕೊಡದ, ಭಾರತದಲ್ಲಷ್ಟೇ ಇರುವ ಅರ್ಥವೊಂದನ್ನು ಅವರು ಆ ಪದಕ್ಕೆ ಸೇರಿಸಿದರು. ನಮ್ಮ ವಿಮರ್ಶೆಯ ಪರಂಪರೆಯನ್ನು ಹುಡುಕುವವರು ಇಲ್ಲಿಂದ ಶುರು ಮಾಡಬಹುದು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಷೇಧಿಸಿದವರು ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರು ಗೊತ್ತಿರುವುದು ಇನ್ನೊಂದು ಕಾರಣಕ್ಕೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು, ಊರೆಲ್ಲ ಹತ್ತಿ ಉರಿಯಿತು, ಮಂತ್ರಿಗಿರಿ ಬಿಡಬೇಕಾಯಿತು. ನಾನು ಎಂ.ಎ. ಓದಿದ ತರಗತಿಗಳಲ್ಲಿ ಬೂಸಾ ಪ್ರಕರಣ ಪ್ರಶ್ನೆಪತ್ರಿಕೆಗೆ ಬರುವಷ್ಟು ಮುಖ್ಯವಾಗಿತ್ತು. ಮಲದ ಬುಟ್ಟಿ ಇಳಿಸಿದ ಆದೇಶದ ಮಾತು ಒಮ್ಮೆಯೂ ಬರಲಿಲ್ಲ. ಸಾಹಿತ್ಯಕ್ಕೆ ಆದ ಅವಮಾನ ನೆನಪಿರುವ ವಿದ್ವತ್ತಿಗೆ ಮನುಷ್ಯರಿಗೆ ಆದ ಅವಮಾನ ಪಠ್ಯದ ಹೊರಗಿನ ವಿಚಾರ. ಇವೆರಡನ್ನೂ ಒಬ್ಬನೇ ಮನುಷ್ಯ ಯಾಕೆ ಒಟ್ಟಿಗೆ ಕಂಡ ಎಂಬುದೇ ಬೂಸಾ ಕುರಿತು ಕೇಳಬೇಕಾದ ನಿಜವಾದ ಪ್ರಶ್ನೆ.

1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಕೆಲಸಗಾರರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಮುಂದೆ ‘ಪೌರಕಾರ್ಮಿಕ’ ಎಂಬ ಪದ ನಮ್ಮಲ್ಲಿ ನೆಲೆಯೂರಿತು. ಜಾಡಮಾಲಿ, ತೋಟಿ ಎಂಬ ಪದಗಳ ಪಕ್ಕದಲ್ಲಿಟ್ಟರೆ ಇದು ಒಳ್ಳೆಯ ಪದವೇ. ಜಾತಿಯ ವಾಸನೆಯಿಲ್ಲ, ‘ಕಾರ್ಮಿಕ’ ಎಂಬ ಹಕ್ಕಿನ ಮಾತಿದೆ. ಆದರೆ ಸಮಾಸವನ್ನು ಬಿಡಿಸಿ ನೋಡಿ. ಪೌರನೂ ಆಗಿರುವ ಕಾರ್ಮಿಕನೋ, ಪೌರರಿಗಾಗಿ ದುಡಿಯುವ ಕಾರ್ಮಿಕನೋ? ವ್ಯಾಕರಣ ಎರಡನ್ನೂ ಒಪ್ಪುತ್ತದೆ. ಬದುಕು ಎರಡನೆಯದನ್ನಷ್ಟೇ ಒಪ್ಪಿದೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಪೊರಕೆ ಕೆಳಗಿಟ್ಟು ಕೂತ ಹೆಂಗಸರು ಕೇಳಿದ್ದು ಹೊಸ ಹೆಸರನ್ನಲ್ಲ. ಕೆಲಸ ಕಾಯಂ ಮಾಡಿ ಅಂತ ಕೇಳಿದರು.

ಈಗ ಕಾಯ್ದೆಯ ಪದಕ್ಕೆ ಬರುತ್ತೇನೆ. ‘ಸ್ಕ್ಯಾವೆಂಜರ್’ ಮುಂದೆ ‘ಮ್ಯಾನ್ಯುಯಲ್’ ಯಾಕೆ? ‘ಮ್ಯಾನ್ಯುಯಲ್’ ಎಂದರೆ ಕೈಯಿಂದ. ದೋಷವೆಲ್ಲ ಕೈಯಲ್ಲಿದೆ ಎನ್ನುತ್ತದೆ ಈ ವಿಶೇಷಣ. 2013ರ ಕಾಯ್ದೆಯ ವ್ಯಾಖ್ಯಾನಕ್ಕೆ ಒಂದು ವಿವರಣೆ ಅಂಟಿಕೊಂಡಿದೆ. ಕೇಂದ್ರ ಸರ್ಕಾರ ಸೂಚಿಸಿದ ಸಾಧನ, ರಕ್ಷಣೆಯ ಉಡುಪು ಬಳಸಿ ಮಲ ತೆಗೆದರೆ ಅಂಥವನನ್ನು ‘ಮ್ಯಾನ್ಯುಯಲ್ ಸ್ಕ್ಯಾವೆಂಜರ್’ ಎಂದು ಎಣಿಸತಕ್ಕದ್ದಲ್ಲ ಎಂಬುದು ಅದರ ಸಾರ. ಗ್ಲೌಸು, ಬೂಟು ಕೊಟ್ಟ ಗಳಿಗೆಯಲ್ಲಿ ಪದ ಕಳಚುತ್ತದೆ. ಮಲ ಅದೇ, ಮನುಷ್ಯನೂ ಅವನೇ, ಅವನ ಕೇರಿಯೂ ಅದೇ. ಇನ್ನು ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವರಿಗೆ ಅದೇ ಕಾಯ್ದೆ ‘ಅಪಾಯಕಾರಿ ಸ್ವಚ್ಛತೆ’ ಎಂಬ ಬೇರೆ ಕಲಮನ್ನು ಇಟ್ಟಿದೆ.

ಈ ವಿಂಗಡಣೆಯ ಫಲ ಏನೆಂದು 2021ರಲ್ಲಿ ತಿಳಿಯಿತು. ಮಲ ಬಾಚುವ ಕೆಲಸದಲ್ಲಿ ಸತ್ತವರ ಬಗ್ಗೆ ರಾಜ್ಯಸಭೆಯಲ್ಲಿ ಮಲ್ಲಿಕಾರ್ಜುನ ಖರ್ಗೆ ಮತ್ತು ನಮ್ಮ ಕವಿ ಎಲ್. ಹನುಮಂತಯ್ಯ ಪ್ರಶ್ನೆ ಕೇಳಿದ್ದರು. ಅಂಥ ಸಾವು ವರದಿಯಾಗಿಲ್ಲ ಎಂದು ಮಂತ್ರಿ ರಾಮದಾಸ್ ಆಠವಲೆ ಜುಲೈ 28ರಂದು ಲಿಖಿತ ಉತ್ತರ ಕೊಟ್ಟರು. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಸರ್ಕಾರ, 2020ರ ಡಿಸೆಂಬರ್ 31ರವರೆಗಿನ ಐದು ವರ್ಷಗಳಲ್ಲಿ ಚರಂಡಿ, ಸೆಪ್ಟಿಕ್ ಟ್ಯಾಂಕುಗಳಲ್ಲಿ 340 ಜನ ಸತ್ತರೆಂದು ಲೋಕಸಭೆಗೆ ತಿಳಿಸಿತ್ತು. ಎರಡು ಉತ್ತರಗಳೂ ಕಾಯ್ದೆಯ ಭಾಷೆಯಲ್ಲಿ ಸುಳ್ಳಲ್ಲ. ಸತ್ತವರು ಆ ಪದದ ಹೊರಗೆ ಸತ್ತಿದ್ದರು, ಅಷ್ಟೆ. ಸಾಹಿತ್ಯ ವಿಮರ್ಶೆಯಲ್ಲಿ ನಾವು ‘ಮೌನ’, ‘ಅನುಪಸ್ಥಿತಿ’ ಎಂದೆಲ್ಲ ಬಳಸುವ ಪರಿಭಾಷೆಗೆ ಇದಕ್ಕಿಂತ ಭೀಕರ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಲ್ಕ್ ರಾಜ್ ಆನಂದರ 1935ರ ‘ಅನ್‌ಟಚಬಲ್’ ಕಾದಂಬರಿಯ ಕೊನೆಯಲ್ಲಿ ಬಖಾನ ಬಿಡುಗಡೆಗೆ ಫ್ಲಶ್ ಕಕ್ಕಸು ಒಂದು ದಾರಿಯಾಗಿ ಕಾಣುತ್ತದೆ. ಯಂತ್ರ ಬಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹೆಸರು ಹೋಗುತ್ತದೆ ಎಂಬ ನಂಬಿಕೆ ಅದು. ಲಂಡನ್ನಿನ ಚರಿತ್ರೆ ಈ ನಂಬಿಕೆಗೆ ಸಾಕ್ಷಿ ಹೇಳುತ್ತದೆ. ನಮ್ಮ ನಗರಗಳು ಹೇಳುವುದಿಲ್ಲ. ಇಲ್ಲಿ ಫ್ಲಶ್ ಬಂದ ಮೇಲೆ ಬಖಾನ ಮೊಮ್ಮಕ್ಕಳು ಚರಂಡಿಯೊಳಕ್ಕೆ ಇಳಿದರು. 2023ರ ಕೇಂದ್ರ ಬಜೆಟ್ಟಿನಲ್ಲಿ ‘ಮ್ಯಾನ್‌ಹೋಲ್’ನಿಂದ ‘ಮಷೀನ್‌ಹೋಲ್’ಗೆ ಹೋಗುತ್ತೇವೆ ಎಂಬ ಮಾತು ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ ತಾನೇ ಗೊತ್ತುಮಾಡಿದ್ದ 10 ಲಕ್ಷ ರೂಪಾಯಿಯ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಪದ ಬದಲಾಗುವ ವೇಗಕ್ಕೂ ಸಾವು ನಿಲ್ಲುವ ವೇಗಕ್ಕೂ ಇರುವ ಅಂತರವನ್ನು ಇವೆರಡನ್ನು ಜೊತೆಗಿಟ್ಟು ಅಳೆಯಬಹುದು.

ಹಾಗಾದರೆ ಪದಗಳ ಗೊಡವೆಯೇ ಬೇಡವೇ? ಹಾಗಲ್ಲ. ಕೆಜಿಎಫ್‌ನಲ್ಲಿ ಇದೇ ಕೆಲಸ ಮಾಡುತ್ತಿದ್ದ ಮನೆತನದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಂಗಾತಿಗಳು 1993ರ ಕಾಯ್ದೆಯ ಪದಗಳನ್ನೇ ಹಿಡಿದು ಕೋರ್ಟಿಗೆ ಹೋದರು, ಒಣ ಕಕ್ಕಸುಗಳನ್ನು ಒಡೆದರು. 2010ರಲ್ಲಿ ಸವಣೂರಿನ ಭಂಗಿ ಕುಟುಂಬದವರು, ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ‘ಪದ್ಧತಿ ಇಲ್ಲ’ ಎನ್ನುವ ಕಡತಗಳಿಗೆ ಅವರು ಕೊಟ್ಟ ಉತ್ತರ ಅದು. ಮೊದಲನೆಯದು ಪದವನ್ನು ಬಳಸಿಕೊಂಡ ಹೋರಾಟ, ಎರಡನೆಯದು ಪದ ಸೋತಲ್ಲಿ ಮೈಯೇ ಮಾತಾದದ್ದು. ದಲಿತ ವಿಮರ್ಶೆಗೆ ಎರಡೂ ಪಾಠಗಳು ಬೇಕು.

ಕೊನೆಗೆ ಕನ್ನಡದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳು, ಸರ್ಕಾರದ ಸುತ್ತೋಲೆಗಳು ಇದನ್ನು ‘ಮಲ ಹೊರುವ ಪದ್ಧತಿ’ ಎನ್ನುತ್ತವೆ. ‘ಅನಿಷ್ಟ ಪದ್ಧತಿ’ ಎಂದೂ ಸೇರಿಸುತ್ತವೆ. ಪದ್ಧತಿ ಎಂದ ಕೂಡಲೇ ಅದನ್ನು ಯಾರೂ ಮಾಡಿದ ಹಾಗಿರುವುದಿಲ್ಲ. ಮಳೆ ಬರ ಇದ್ದ ಹಾಗೆ ತಾನಾಗಿ ಇರುತ್ತದೆ. ಹೊರುವವರು ಕಾಣುತ್ತಾರೆ, ಅವರ ಸರ್ವೆ ನಡೆಯುತ್ತದೆ, ಲೆಕ್ಕ ಸಿಗುತ್ತದೆ. ಆದರೆ ನಮ್ಮ ಭಾಷೆಗೆ ಇಂಗ್ಲಿಷಿಗಿಲ್ಲದ ಒಂದು ಅನುಕೂಲವಿದೆ. ‘ಹೊರು’ ಎಂಬ ಧಾತುವಿಗೆ ‘ಇಸು’ ಸೇರಿಸಿದರೆ ‘ಹೊರಿಸು’ ಆಗುತ್ತದೆ. ಮಾಡು ಮಾಡಿಸು, ಬಾಚು ಬಾಚಿಸು, ಇಳಿ ಇಳಿಸು. ಇದು ಪ್ರಾಥಮಿಕ ಶಾಲೆಯ ವ್ಯಾಕರಣ. ಮಲ ಹೊರಿಸುವವರು ಎಷ್ಟು ಜನ, ಎಲ್ಲಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು ಎಂಬ ಸರ್ವೆಯನ್ನು ಯಾವ ಇಲಾಖೆಯೂ ಮಾಡುವುದಿಲ್ಲ. ಆ ಪದವನ್ನು ಸುತ್ತೋಲೆಗೂ ಕಾಯ್ದೆಗೂ ತರುವ ತನಕ ದಲಿತ ವಿಮರ್ಶೆಗೆ ಈ ವ್ಯಾಕರಣದ ಕೆಲಸ ಬಾಕಿಯಿದೆ.